ಸೈಕಲ್ ಇಳಿಯದ ಕಾಂಪೌಂಡರು

ಮದುವೆಯಾದ ಹೊಸತರಲ್ಲಿ ಮತ್ತಿಕೆರೆಯ ಆ ಮನೆಯ ಮುಂಭಾಗಕ್ಕೆ ನಾವು ಬಾಡಿಗೆಗೆ ಹೋದ ದಿನ, ಇನ್ನೂ ಹಾಲು ಕೂಡ ಉಕ್ಕಿಸಿರಲಿಲ್ಲ, ಮನೆಯ ಯಜಮಾನರು ಬಾಗಿಲಲ್ಲಿ ಬಂದು ನಿಂತು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಎಲ್ಲಿ ಮಗಾ, ನಾಲ್ಗೆ ತೋರ್ಸು" ಎಂದರು. ನಾನು ತುಮಕೂರಿನವಳು. ಹೊಸ ಊರು, ಹೊಸ ಗಂಡ, ಇಲ್ಲಿ ಇದೇ ಪದ್ಧತಿಯೋ ಏನೋ ಎಂದುಕೊಂಡು ತೋರಿಸಿಯೇಬಿಟ್ಟೆ. ಅವರು ಕತ್ತು ಓರೆ ಮಾಡಿ ನೋಡಿ, "ಪಿತ್ತ ಜಾಸ್ತಿ ಅದೆ. ಕಾಫಿ ಕಮ್ಮಿ ಮಾಡವ್ವ" ಎಂದು ಹೇಳಿ ಹೊರಟುಹೋದರು. ನಮ್ಮವರು ಸಾಮಾನಿನ ಗಂಟು ಹಿಡಿದುಕೊಂಡು ಹಿಂದೆ ನಿಂತು ನಗುತ್ತಿದ್ದರು.

"ದನದ ಆಸ್ಪತ್ರೆ ಕಾಂಪೌಂಡರ್ ಕಣೇ. ಮನೆ ಕೊಡೋಕ್ ಮುಂಚೆ ನಂದೂ ನೋಡಿದ್ರು."

ಗಿಡ್ಡ ಆಳು. ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿದ ಪಂಚೆ, ಮೇಲೆ ಸರ್ಕಾರ ಕೊಟ್ಟ ಖಾಕಿ ಕೋಟು, ಆ ಕೋಟಿಗೆ ಎಷ್ಟು ಒಗೆದರೂ ಹೋಗದ ಫಿನಾಯಿಲ್ ವಾಸನೆ. ಆಗ ಮತ್ತಿಕೆರೆ ಇನ್ನೂ ಹಳ್ಳಿಯೇ. ಮನೆಮನೆಗೂ ದನ ಇದ್ದವು. ಇವರು ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯಲ್ಲಿ ಕಟ್ಟಿದ್ದ ಎಮ್ಮೆಗಳು ಹಗ್ಗ ಜಗ್ಗುತ್ತಿದ್ದವು. ಊರಿನ ಒಂದೊಂದು ಎಮ್ಮೆಗೂ ಅವರ ಸೂಜಿಯ ನೆನಪಿತ್ತು. ಅವರಿಗೆ ಮಾತ್ರ ಎಮ್ಮೆಗಳ ಮೇಲೆ ಪ್ರಾಣ. "ನನ್ ತಾಯಿ, ನನ್ ಬಂಗಾರ, ಒಸಿ ನಿಂತ್ಕಳವ್ವ, ಆಯ್ತು, ಆಯ್ತು" ಎಂದು ಬೆನ್ನು ಸವರುತ್ತಾ ಮಾತಾಡುತ್ತಿದ್ದರು. ಅದೇ ಬಾಯಿ ಮಕ್ಕಳ ಕಡೆ ತಿರುಗಿದರೆ "ಏಯ್, ಅತ್ಲಾಗ್ ನಡಿ", "ನಿಂತ್ಕಳೋ ಅಂದ್ರೆ", ಇಷ್ಟೇ. ಮಕ್ಕಳಿಗೆ ಆಡಬೇಕಾದ ಮಾತನ್ನು ದನಕ್ಕೆ ಆಡಿ, ದನಕ್ಕೆ ಆಡಬೇಕಾದದ್ದನ್ನು ಮಕ್ಕಳಿಗೆ ಆಡಿ ಬೆಳೆಸಿದ್ದರು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ನಾನು ಅವರನ್ನು ದೊಡ್ಡಪ್ಪ ಎಂದೂ ಅವರ ಹೆಂಡತಿಯನ್ನು ದೊಡ್ಡವ್ವ ಎಂದೂ ಕರೆಯುತ್ತಿದ್ದೆ. ಮಕ್ಕಳು ಇಬ್ಬರು. ಮಗ ಮುನಿರಾಜು ಯಶವಂತಪುರದಲ್ಲಿ ಒಂದು ಕಚೇರಿಯ ಗುಮಾಸ್ತ, ಹೆಂಡತಿಯ ಜೊತೆ ಅದೇ ಮನೆಯಲ್ಲಿದ್ದ. ಮಗಳು ಜಯಮ್ಮ ಮದುವೆಯಾಗಿ ಹೆಬ್ಬಾಳದಲ್ಲಿದ್ದಳು, ಅಲ್ಲೇ ಪ್ರೈಮರಿ ಸ್ಕೂಲಿನಲ್ಲಿ ಟೀಚರ್.

ದೊಡ್ಡಪ್ಪನ ವೈದ್ಯ ಬಹಳ ಸರಳ. ದನಕ್ಕೆ ಬಿದಿರಿನ ಗೊಟ್ಟದಲ್ಲಿ ಹುಯ್ಯುವ ಔಷಧಿಯನ್ನೇ ಮನುಷ್ಯರಿಗೆ ಚಮಚದಲ್ಲಿ ಕೊಡುವುದು. ಕಿಟಕಿಯ ಮೇಲೆ ಕಂದು ಬಾಟಲಿಗಳ ಸಾಲು ಇತ್ತು. ತಲೆನೋವು ಅಂದರೆ ಒಂದು, ಕೆಮ್ಮು ಅಂದರೆ ಒಂದು. ದೊಡ್ಡವ್ವ ಚಮಚ ಈಸಿಕೊಂಡು, "ಕುಡೀತೀನಿ ಓಗಿ" ಎಂದು, ಅವರು ಬೆನ್ನು ತಿರುಗಿಸಿದ ತಕ್ಷಣ ಹಿತ್ತಲಿನ ದಾಸವಾಳದ ಬುಡಕ್ಕೆ ಚೆಲ್ಲುತ್ತಿದ್ದರು. ಆ ದಾಸವಾಳ ಬಿಡುತ್ತಿದ್ದ ಹೂವನ್ನು ಬೇರೆಲ್ಲೂ ನೋಡಿಲ್ಲ. "ನಿಮ್ಮ ದೊಡ್ಡಪ್ಪ ಒಳ್ಳೇ ಡಾಕ್ಟ್ರು ಕಣವ್ವ, ಗಿಡಕ್ಕೆ" ಎಂದು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದರು.

ನಾವು ಬಂದ ಮಾರನೆಯ ವರ್ಷ ದೊಡ್ಡವ್ವನಿಗೆ ಹೊಟ್ಟೆನೋವು ಶುರುವಾಯಿತು. ಆ ಸಲ ಅವರು ದಾಸವಾಳಕ್ಕೆ ಚೆಲ್ಲಲಿಲ್ಲ, ನೋವು ಹಾಗಿತ್ತು. ಕೊಟ್ಟದ್ದನ್ನೆಲ್ಲ ಕುಡಿದರು. ಮೂರು ವಾರ ದೊಡ್ಡಪ್ಪ ಬಾಟಲಿ ಬದಲಾಯಿಸುತ್ತಲೇ ಇದ್ದರು. ಕೊನೆಗೆ ಜಯಮ್ಮ ಬಂದು ಗಲಾಟೆ ಮಾಡಿ ಜಟಕಾ ತರಿಸಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದಳು. ನಾಲ್ಕನೆಯ ದಿನ ಹೆಣ ಮನೆಗೆ ಬಂತು. ಮೊದಲೇ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ತಿಥಿಯ ದಿನ ಊರಿನವರೆಲ್ಲ ಎಲೆಯ ಮುಂದೆ ಕೂತಿದ್ದಾಗ ಜಯಮ್ಮ ಬಡಿಸುತ್ತಿದ್ದ ಅನ್ನದ ಪಾತ್ರೆಯನ್ನು ಕೆಳಗಿಟ್ಟಳು. ಅವಳ ಮಾತು ಸ್ಕೂಲಿನಲ್ಲಿ ತಿದ್ದಿದ ಮಾತು. ಸಿಟ್ಟು ಬಂದಾಗ ಮಾತ್ರ ಒಳಗಿನ ಮತ್ತಿಕೆರೆ ಹೊರಗೆ ಬರುತ್ತಿತ್ತು.

"ಅಪ್ಪ, ನಮ್ಮವ್ವ ಎಮ್ಮೆ ಅಲ್ಲ. ಎಮ್ಮೆ ಔಷ್ದಿ ಉಯ್ದು ಉಯ್ದು ಮೂರ್ ವಾರ ಮನೇಲೇ ಕೂರುಸ್ದೆ. ಆಸ್ಪತ್ರೆಗೆ ಓಗಾನ ಅಂತ ನಾನು ಎಷ್ಟ್ ಬಡ್ಕೊಂಡೆ. ಕೇಳುದ್ಯಾ?"

ದೊಡ್ಡಪ್ಪನ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು.

"ಇನ್ಮೇಲೆ ನಿನ್ ಮನೆ ಒಸ್ಲು ತುಳುದ್ರೆ ಕೇಳು" ಎಂದರು. "ನಾನು ದನದೋನು. ನೀನು ಮೇಡಮ್ಮು. ಅಲ್ಲಿಗೆ ಸರೋಯ್ತು."

ಜಯಮ್ಮ ಆ ದಿನ ಊಟ ಮಾಡದೆ ಹೊರಟುಹೋದಳು. ಅಲ್ಲಿಂದ ಅಪ್ಪ-ಮಗಳ ಮಾತು ನಿಂತಿತು.

ಮನೆಯಲ್ಲಿದ್ದ ಮಗನಾದರೂ ಸುಖವಾಗಿದ್ದನೇ ಅಂದರೆ, ಅವನ ಪಾಡು ಇನ್ನೂ ಕಷ್ಟ. ದೊಡ್ಡವ್ವ ಹೋದ ಮೇಲೆ ದೊಡ್ಡಪ್ಪನಿಗೆ ನಾಲಗೆ ನೋಡುವ ಚಟ ಹೆಚ್ಚಾಯಿತು. ದಿನಾ ಬೆಳಿಗ್ಗೆ ಮುನಿರಾಜು ಪ್ಯಾಂಟು, ಶರ್ಟು ಹಾಕಿ ಮೀಸೆ ತೀಡಿ ಕಚೇರಿಗೆ ಹೊರಡುವಾಗ ಹೊಸಿಲಲ್ಲಿ ನಿಂತು, ಹೆಂಡತಿಯ ಮುಂದೆ, ಬಾಯಿ ತೆರೆಯಬೇಕು. ಒಂದು ದಿನ ಅವನು ತುಟಿ ಬಿಗಿಹಿಡಿದು ನಿಂತ.

"ತೋರ್ಸಲ್ಲ."

"ಯಾಕ್ಲಾ?"

"ನಂಗೆ ಮೂವತ್ತು ವರ್ಷ ಅಪ್ಪ. ಆಪೀಸಲ್ಲಿ ಇಬ್ರು ಜವಾನ್ರು ಎದ್ದು ನಿಂತು ನಂಗೆ ನಮಸ್ಕಾರ ಮಾಡ್ತಾರೆ."

"ಅವ್ರ್ ನಾಲ್ಗೆ ನೋಡಿದ್ಯಾ?"

ಮುನಿರಾಜು ಚಪ್ಪಲಿ ಮೆಟ್ಟಿ ನಡೆದುಬಿಟ್ಟ. ಅಂದಿನಿಂದ ಅವರಿಬ್ಬರ ನಡುವೆಯೂ ಮಾತಿಲ್ಲ. ಹೇಳಬೇಕಾದದ್ದನ್ನೆಲ್ಲ ನನ್ನ ಮೂಲಕ ಹೇಳಿಸುತ್ತಿದ್ದರು. "ಆ ಗುಮಾಸ್ತಂಗೆ ಏಳವ್ವ, ಬಾವಿ ಅಗ್ಗ ಸವ್ದದೆ." ಗುಮಾಸ್ತ ಅಲ್ಲೇ ಮೂರು ಮಾರು ದೂರದಲ್ಲಿ ಕೂತು ಪೇಪರ್ ಓದುತ್ತಿರುತ್ತಿದ್ದ. ನಾನು ತಿರುಗಿ, "ಹಗ್ಗ ಸವೆದಿದೆಯಂತೆ" ಅನ್ನುತ್ತಿದ್ದೆ. "ತಂದಿಟ್ಟಿದೀನಿ ಅಂತ ಹೇಳಿ ಅಕ್ಕ" ಎಂದು ಅವನು ಪೇಪರಿನ ಹಿಂದಿನಿಂದ ಅನ್ನುತ್ತಿದ್ದ.

ಅದೇ ವರ್ಷ ಹೆಬ್ಬಾಳದಲ್ಲಿ ಜಯಮ್ಮನಿಗೆ ಹೆಣ್ಣು ಮಗುವಾಯಿತು. ನಾಮಕರಣಕ್ಕೆ ಕರೆಯಲು ಅಳಿಯನೇ ಬಂದ, ಒಂದು ತೋಟದಲ್ಲಿ ಕೆಲಸ ಮಾಡುವ, ಜೋರಾಗಿ ಮಾತಾಡಲೂ ಹೆದರುವ ಸಾಧು ಮನುಷ್ಯ. ದೊಡ್ಡಪ್ಪ ಕೊಟ್ಟಿಗೆಯಿಂದ ಹೊರಗೇ ಬರಲಿಲ್ಲ. ಅದಾದ ಒಂದು ವಾರಕ್ಕೆ ಬಂದು ನಮ್ಮವರ ಸೈಕಲ್ಲನ್ನು ಎಮ್ಮೆಯನ್ನು ನೋಡುವ ಹಾಗೆ ಸುತ್ತ ತಿರುಗಿ ನೋಡಿದರು.

"ಏನಪ್ಪ, ಇದು ಎಷ್ಟ್ ದಿನಕ್ಕೆ ಕೈಗ್ ಒಗ್ತದೆ?"

"ಈ ವಯಸ್ಸಲ್ಲಿ ನಿಮಗ್ಯಾಕೆ ದೊಡ್ಡಪ್ಪ ಸೈಕಲ್ಲು?"

"ಒಟ್ಟೇಲಿ ವಾಯು. ಒಸಿ ಗಾಳಿಗ್ ಓಗ್ಬೇಕು."

ಆಗ ಅವರಿಗೆ ಐವತ್ತಮೂರು. ಬೇಸಿಗೆಗೆ ಒಣಗಿದ್ದ ಕೆರೆಯಂಗಳದಲ್ಲಿ ಪಾಠ ಶುರುವಾಯಿತು. ನಮ್ಮವರು ಸೀಟು ಹಿಡಿದು ಹಿಂದೆ ಓಡುವುದು, ದೊಡ್ಡಪ್ಪ ಮೇಲೆ ಕೂತು, "ನಿಧಾನ ಕಣವ್ವ, ನನ್ ತಾಯಿ, ಎಡಕ್ ತಿರುಕ್ಕೊ" ಎಂದು ಸೈಕಲ್ಲಿಗೆ ಬುದ್ಧಿ ಹೇಳುವುದು. ಮೇಯುತ್ತಿದ್ದ ಎಮ್ಮೆಗಳಿಗೆ ಇದು ಹೊಸ ಆಪತ್ತು. ನಡೆದು ಬರುವ ಕಾಂಪೌಂಡರನ್ನಾದರೂ ತಪ್ಪಿಸಿಕೊಳ್ಳಬಹುದಿತ್ತು, ಉರುಳಿಕೊಂಡು ಬರುವ ಕಾಂಪೌಂಡರಿಗೆ ಏನು ಮಾಡುವುದು? ಬಾಲ ಎತ್ತಿ ಏರಿಯ ಮೇಲೆ ಓಡಿದವು. ಒಂದು ಸಲ ದೊಡ್ಡಪ್ಪ ಹುಲ್ಲಿನ ಬಣವೆಗೆ ನೇರವಾಗಿ ಹೊಕ್ಕು ಅರ್ಧ ಮೈ ಒಳಗೆ ಹೋಯಿತು. ಇನ್ನೊಂದು ಸಲ ಬಿದ್ದು ಮುಂದಿನ ಹಲ್ಲು ಒಂದು ಮುರಿಯಿತು. ಆದರೂ ಬಿಡಲಿಲ್ಲ. ಮೂರು ವಾರಕ್ಕೆ ಕಲಿತರು. ಎಲ್ಲಿಂದಲೋ ಒಂದು ಹಳೆಯ ಸೈಕಲ್ ತಂದರು.

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಕೋಟು ಹಾಕಿ, ತಲೆಗೆ ಟವೆಲ್ ಸುತ್ತಿ, ಜಗಲಿಯ ಪಕ್ಕದ ಕಲ್ಲಿನ ಮೇಲಿಂದ ಸೈಕಲ್ ಹತ್ತಿ ಹೊರಡುತ್ತಿದ್ದರು. "ಎಲ್ಲಿಗೆ ದೊಡ್ಡಪ್ಪ?" ಅಂದರೆ "ಗಾಳಿಗೆ" ಅನ್ನುತ್ತಿದ್ದರು. ಗಾಳಿ ಯಾವ ದಿಕ್ಕಿನಲ್ಲಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮುನಿರಾಜು ತಂಗಿಗೆ ಕೊಡಲು ಕೊಟ್ಟ ಹುಣಸೆಹಣ್ಣಿನ ಗಂಟು ಹಿಡಿದು ಒಂದು ಶನಿವಾರ ನಾನು ಬಸ್ಸಿನಲ್ಲಿ ಹೆಬ್ಬಾಳಕ್ಕೆ ಹೋದೆ. ಬಳ್ಳಾರಿ ರಸ್ತೆಯ ಅಂಚಿಗೇ ಜಯಮ್ಮನ ಮನೆ. ಕೂತು ಎರಡು ಮಾತಾಡುವಷ್ಟರಲ್ಲಿ ಅವಳ ಕಣ್ಣು ಕೆಂಪಾಯಿತು.

"ನಮ್ಮಪ್ಪ ಎಂಥ ಹಟದೋನು ಅಂತ ನೋಡಿ ಅಕ್ಕ. ಪ್ರತಿ ಭಾನುವಾರ ಇದೇ ರಸ್ತೇಲಿ ಬರ್ತಾನೆ. ಅಷ್ಟು ದೂರದಿಂದಲೇ ಬೆಲ್ ಹೊಡೀತಾನೆ. ಮನಸ್ಸು ಬದಲಾಯ್ತೇನೋ ಅಂತ ನಾನು ಮಗು ಎತ್ಕೊಂಡು, ಕಾಫಿ ಲೋಟ ಹಿಡ್ಕೊಂಡು ಬಾಗಿಲಿಗೆ ಓಡ್ತೀನಿ. ಒಂದ್ಸಲ ತಿರುಗಿ ನೋಡ್ತಾನೆ, ಸೀದಾ ಹೋಗೇಬಿಡ್ತಾನೆ! ಅರ್ಧ ಗಂಟೆ ಬಿಟ್ಟು ವಾಪಸ್ ಬರ್ತಾನೆ. ಮತ್ತೆ ಬೆಲ್ಲು. ಮತ್ತೆ ಹೋಗೇಬಿಡ್ತಾನೆ. ಬರ್ದೇ ಇದ್ರೆ ಬೇಡ. ಇಂಗೆ ಬೆಲ್ ಒಡ್ದು ಒಡ್ದು ಒಟ್ಟೆ ಉರಿಸ್ಬೇಕಾ?"

ಮನೆಗೆ ಬಂದು ಇದನ್ನೆಲ್ಲ ನಮ್ಮವರಿಗೆ ಹೇಳಿದೆ. ಅವರು ಊಟದ ತಟ್ಟೆ ಮುಂದಿಟ್ಟುಕೊಂಡು ಹಣೆ ಚಚ್ಚಿಕೊಂಡರು.

"ಅಯ್ಯೋ, ಅವರಿಗೆ ಇಳಿಯೋಕೆ ಬರಲ್ಲ ಕಣೇ!"

"ಅಂದ್ರೆ?"

"ಹತ್ತೋದು ಕಲಿಸಿದೆ, ಓಡ್ಸೋದು ಕಲಿಸಿದೆ. ಕಾಲು ಗಿಡ್ಡ ನೋಡು, ನೆಲಕ್ಕೆ ಎಟುಕಲ್ಲ, ಅದಕ್ಕೇ ಕಲ್ಲಿನ ಮೇಲಿಂದ ಹತ್ತೋದು, ಕಲ್ಲಿಗೇ ಕಾಲು ಕೊಟ್ಟು ಇಳಿಯೋದು. ಕಲ್ಲಿಲ್ಲದ ಕಡೆ ಇಳಿಯೋದನ್ನ ಮುಂದಿನ ವಾರ ಕಲಿಸೋಣ ಅಂತಿದ್ದೆ, ಫ್ಯಾಕ್ಟ್ರೀಲಿ ಶಿಫ್ಟು ಬದಲಾಯ್ತು. ಅವರೂ ಕೇಳಲಿಲ್ಲ, ನಾನೂ ಮರೆತೆ. ಹೆಬ್ಬಾಳದ ಕೆರೆ ಏರಿ ಹತ್ರ ಮೈಲಿಗಲ್ಲಿದೆಯಲ್ಲ, ಅಲ್ಲಿಗೆ ಹೋಗಿ ಕಾಲು ಕೊಟ್ಟು ಸುಧಾರಿಸ್ಕೊಂಡು ವಾಪಸ್ ಬರ್ತಾರೆ ಅಂತ ಕಾಣ್ಸುತ್ತೆ. ಮಧ್ಯ ಎಲ್ಲೂ ನಿಲ್ಲಿಸೋ ಹಾಗಿಲ್ಲ. ನಿಲ್ಲಿಸಿದ್ರೆ ಇನ್ನೊಂದು ಹಲ್ಲು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಂದಿನ ಶನಿವಾರ ಮತ್ತೆ ಹೋಗಿ ಜಯಮ್ಮನಿಗೆ ಹೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಕ್ಕು ನಕ್ಕು ಗೋಡೆಗೆ ಒರಗಿದಳು. ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳಿಯ ಮಾತ್ರ ಎದ್ದು ಹೋಗಿ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಸಂಜೆಯೊಳಗೆ ಅವರ ಮನೆಯ ಮುಂದೆ, ರಸ್ತೆಯ ಅಂಚಿಗೆ, ಮೊಣಕಾಲೆತ್ತರದ ಒಂದು ಚಪ್ಪಡಿ ಕಲ್ಲು ನೆಟ್ಟಾಗಿತ್ತು.

ಮಾರನೆಯ ದಿನ ದೊಡ್ಡಪ್ಪ ಬೆಲ್ ಹೊಡೆಯುತ್ತಾ ಬಂದರಂತೆ, ಕಲ್ಲು ನೋಡಿದರಂತೆ, ಕಂಡೂ ಕಾಣದವರ ಹಾಗೆ ಹೋದರಂತೆ. ಅದರ ಮುಂದಿನ ವಾರ ಕಲ್ಲಿನ ಹತ್ತಿರ ಬಂದಾಗ ಸೈಕಲ್ ನಿಧಾನವಾಯಿತಂತೆ, ಅಷ್ಟೇ. ಮೂರನೆಯ ಭಾನುವಾರ ಕಲ್ಲಿನ ಮೇಲೆ ಎಡಗಾಲಿಟ್ಟರು.

"ಯಾವನ್ ಅವ್ನು ಇಲ್ಲಿ ಕಲ್ ಆಕ್ದೋನು? ದಾರೀಲಿ ಓಗೋರ್ಗೆ ಅಡ್ಡ."

ಜಯಮ್ಮ ಕಾಫಿ ಲೋಟ ಮುಂದೆ ಹಿಡಿದಳು. ದೊಡ್ಡಪ್ಪ ಸೀಟಿನ ಮೇಲೆ ಕೂತೇ ಕುಡಿದರು. ಇಳಿಯಲಿಲ್ಲ. ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಊರಿನ ಮುಂದೆ ಆಡಿದ ಮಾತಿತ್ತಲ್ಲ. ಸೈಕಲ್ ಮೇಲೆ ಕೂತಿರುವವರೆಗೆ ಅವರು ದಾರಿಹೋಕರು, ಮಗಳ ಮನೆಗೆ ಬಂದವರಲ್ಲ.

ಹೀಗೆ ನಾಲ್ಕು ತಿಂಗಳು ನಡೆಯಿತು. ಬಿಸಿಲಿರಲಿ, ತುಂತುರಿರಲಿ, ಭಾನುವಾರ ಹತ್ತು ಗಂಟೆಗೆ ಬಳ್ಳಾರಿ ರಸ್ತೆಯಲ್ಲಿ ಒಬ್ಬರು ಖಾಕಿ ಕೋಟಿನವರು ಕಲ್ಲಿನ ಮೇಲೆ ಒಂದು ಕಾಲಿಟ್ಟು, ಸೈಕಲ್ ಮೇಲೆಯೇ ಕಾಫಿ ಕುಡಿದು, ಕೆಲವು ದಿನ ಉಪ್ಪಿಟ್ಟನ್ನೂ ತಿಂದು ಹೋಗುತ್ತಿದ್ದರು. ಅಪ್ಪ-ಮಗಳು ಮಾತಾಡುತ್ತಿದ್ದದ್ದು ಮಗುವಿನ ಜೊತೆಗೆ ಮಾತ್ರ. "ತಾತಂಗೆ ಇನ್ನೊಂದ್ಚೂರು ಬೇಕಾ ಕೇಳು ಪುಟ್ಟಿ." "ಸಾಕು ಅಂತ ಏಳವ್ವ ನಿಮ್ಮಮ್ಮಂಗೆ." ಆಮೇಲೆ ದೊಡ್ಡಪ್ಪ ಬಗ್ಗಿ, "ಎಲ್ಲಿ ಮಗಾ, ನಾಲ್ಗೆ ತೋರ್ಸು" ಅನ್ನುತ್ತಿದ್ದರು. ಮಗು ಕೇಕೆ ಹಾಕಿ ನಾಲಗೆಯನ್ನು ಪೂರ್ತಿ ಹೊರಗೆ ಚಾಚುತ್ತಿತ್ತು. ಆ ವಂಶದಲ್ಲಿ ಅವರಿಗೆ ಸಂತೋಷದಿಂದ ನಾಲಗೆ ತೋರಿಸಿದ್ದು ಅದೊಂದೇ.

ಒಂದು ಭಾನುವಾರ ನಾನೂ ಅಲ್ಲಿದ್ದೆ. ಮಗುವಿಗೆ ಹಿಂದಿನ ದಿನದಿಂದ ವಾಂತಿ, ಭೇದಿ. ಜಯಮ್ಮ ಓಮದ ನೀರು ಕುಡಿಸುತ್ತಿದ್ದಳು. ಅವಳ ಗಂಡ ತೋಟಕ್ಕೆ ಹೋಗಿದ್ದ. ದೊಡ್ಡಪ್ಪ ಬಂದರು, ಕಲ್ಲಿಗೆ ಕಾಲು ಕೊಟ್ಟು ಎಂದಿನ ಹಾಗೆ, "ಎಲ್ಲಿ ಮಗಾ" ಎಂದರು. ಮಗು ಅಮ್ಮನ ಹೆಗಲಿನಿಂದ ತಲೆ ಎತ್ತಲಿಲ್ಲ. ದೊಡ್ಡಪ್ಪ ಮುಂದಕ್ಕೆ ಬಾಗಿ ಅದರ ತುಟಿಯನ್ನು ಬೆರಳಿನಿಂದ ಬಿಡಿಸಿ ನೋಡಿದರು. ನೆತ್ತಿ ಮುಟ್ಟಿದರು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು, ಮಡಿಕೆ ಹಾಗೆಯೇ ನಿಂತಿತು. ನೂರಾರು ಕರುಗಳನ್ನು ನೋಡಿದ ಕೈ ಅದು.

ಮರುಕ್ಷಣ ಸೈಕಲ್ ಒಂದು ಕಡೆ, ಅವರು ಇನ್ನೊಂದು ಕಡೆ. ಧಡ್ ಎಂದು ಸದ್ದಾಯಿತು. ಎದ್ದು ನಿಂತು, "ಒರಡು" ಎಂದರು. "ದೊಡ್ಡಾಸ್ಪತ್ರೆಗೆ. ಈಗ್ಲೇ."

"ಅವರು ಸಂಜೆ ಬಂದ್ಬಿಡ್ತಾರೆ, ಅಪ್ಪ. ಅಲ್ಲೀವರ್ಗೆ ನೀನೇ ಏನಾರ ಕೊಡು." ಜಯಮ್ಮನ ಬಾಯಿಂದಲೇ ಆ ಮಾತು ಬಂತು. ಹೆದರಿದ್ದಳು.

"ನಾ ಕೊಡಲ್ಲ." ದೊಡ್ಡಪ್ಪ ತಲೆ ಅಲ್ಲಾಡಿಸಿದರು. "ಒಂದ್ಸಲ ಕೊಟ್ಟು ನೋಡಿದ್ದಾಯ್ತಲ್ಲವ್ವ."

ಹಾಗೆಂದವರೇ ಚಪ್ಪಲಿ ಕಾಲಲ್ಲೇ ಮನೆಯೊಳಗೆ ನುಗ್ಗಿ, ಗೂಟದಲ್ಲಿದ್ದ ಶಾಲು ಎಳೆದುಕೊಂಡು ಬಂದು ಮಗುವಿಗೆ ಸುತ್ತಿದರು. ಹೊಸಿಲು ದಾಟಿ ಹೋಗಿ ದಾಟಿ ಬಂದದ್ದು ಅವರ ಗಮನಕ್ಕೇ ಬರಲಿಲ್ಲ. ಮತ್ತಿಕೆರೆಯ ಮನೆಯ ಕಿಟಕಿಯ ಮೇಲಿದ್ದ ಕಂದು ಬಾಟಲಿಗಳನ್ನು ನಾನು ಎಷ್ಟೋ ದಿನದಿಂದ ನೋಡಿಲ್ಲ ಎನ್ನುವುದು ನನಗೆ ಹೊಳೆದದ್ದೂ ಆಗಲೇ. ದೊಡ್ಡವ್ವ ಹೋದ ಮೇಲೆ ಅವರು ಯಾರ ಬಾಯಿಗೂ ಒಂದು ಚಮಚ ಹಿಡಿದಿರಲಿಲ್ಲ. ನಾಲಗೆ ನೋಡುತ್ತಿದ್ದರು, ಅಷ್ಟೇ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಯಲಹಂಕದ ಕಡೆಯಿಂದ ತರಕಾರಿ ತುಂಬಿದ ಲಾರಿಯೊಂದು ಬರುತ್ತಿತ್ತು. ಬೆದರಿದ ಹೋರಿಯನ್ನು ತಡೆಯುವ ಹಾಗೆ ದೊಡ್ಡಪ್ಪ ರಸ್ತೆಯ ನಡುವೆ ಎರಡೂ ಕೈ ಚಾಚಿ, "ಓ, ಓ, ಓ" ಎನ್ನುತ್ತಾ ನಿಂತರು. ಲಾರಿ ಅವರ ಎದೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಡ್ರೈವರ್ ಬೈಯಲು ತಲೆ ಹೊರಗೆ ಹಾಕಿದವನು ಮಗುವನ್ನು ನೋಡಿ ಬಾಗಿಲು ತೆರೆದ. ಜಯಮ್ಮ ಮುಂದೆ, ನಾನೂ ದೊಡ್ಡಪ್ಪನೂ ಹಿಂದೆ ಕೋಸಿನ ಮೂಟೆಗಳ ಮೇಲೆ.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ತೆಗೆದುಕೊಂಡರು. ದೊಡ್ಡಪ್ಪ ಹಿಂದೆಯೇ ನುಗ್ಗಿದಾಗ ಡಾಕ್ಟರು, "ನೀವು ಯಾರು?" ಎಂದರು.

"ನಾನೂ ಡಿಪಾರ್ಟ್‌ಮೆಂಟೇ ಸ್ವಾಮಿ."

"ಯಾವ ಆಸ್ಪತ್ರೆ?"

"ದನದ್ದು."

ಡಾಕ್ಟರು ಒಂದು ಕ್ಷಣ ಅವರನ್ನು ನೋಡಿದರು. ನಗಲಿಲ್ಲ. ಆಮೇಲೆ ಹೊರಗೆ ಬಂದು, "ಸರಿಯಾದ ಹೊತ್ತಿಗೆ ತಂದಿದ್ದೀರಿ, ಏನೂ ಭಯ ಇಲ್ಲ" ಎಂದರು. ಆ ಮಾತು ಕೇಳಿ ದೊಡ್ಡಪ್ಪ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು. ಬೆನ್ನು ಅಲುಗುತ್ತಿತ್ತು. ಜಯಮ್ಮ ಎದ್ದು ಅವರ ಹತ್ತಿರ ಹೋದಳು. ಪಂಚೆ ಮಂಡಿಯ ಹತ್ತಿರ ಹರಿದು ರಕ್ತ ಒಸರುತ್ತಿತ್ತು. ಕೆಳಗೆ ಕೂತು ಸೆರಗಿನಿಂದ ಒರೆಸಿದಳು.

"ಯಾಕಪ್ಪ ಅಂಗ್ ಬಿದ್ದೆ?"

"ಬೀಳ್ನಿಲ್ಲ" ಎಂದರು ದೊಡ್ಡಪ್ಪ, ಗೋಡೆಯ ಕಡೆಯಿಂದಲೇ. "ಇಳುದೆ."

ಮಗು ನಾಲ್ಕೇ ದಿನಕ್ಕೆ ಮನೆಗೆ ಬಂತು.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ದೊಡ್ಡಪ್ಪ ಮಗಳ ಮನೆಯೊಳಗೆ ಬಂದು ಕೂರಲು ಶುರುಮಾಡಿದರು. ಕೂತವರು ಸುಮ್ಮನಿರುತ್ತಾರೆಯೇ? ಅಡುಗೆಮನೆಯ ಹೊಗೆ ಸರಿಯಿಲ್ಲ, ಹಸುವಿನ ಮೇವು ಸರಿಯಿಲ್ಲ, ಅಳಿಯ ಪ್ಯಾಂಟನ್ನು ಹೊಕ್ಕಳಿನ ಮೇಲೆ ಕಟ್ಟುವುದು ಜೀರ್ಣಕ್ಕೆ ಒಳ್ಳೆಯದಲ್ಲ. ಆರು ತಿಂಗಳಲ್ಲಿ ಜಯಮ್ಮ ನನ್ನ ಕೈ ಹಿಡಿದು, "ಅಕ್ಕ, ಸೈಕಲ್ ಮೇಲೇ ಚೆನ್ನಾಗಿದ್ದ ಕಣ್ರೀ" ಎಂದಳು. ಮುನಿರಾಜುವಿನ ಜೊತೆಗೂ ಮಾತು ಶುರುವಾಯಿತು, ಯಾಕೆಂದರೆ ಜಗಳವಾಡಲು ನಡುವೆ ನನ್ನನ್ನಿಟ್ಟುಕೊಂಡರೆ ತಡವಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ನಮಗೆ ಫ್ಯಾಕ್ಟರಿಯ ಕ್ವಾರ್ಟರ್ಸ್ ಸಿಕ್ಕಿ ಮತ್ತಿಕೆರೆ ಬಿಟ್ಟೆವು. ಆ ಹೊತ್ತಿಗೆ ದೊಡ್ಡಪ್ಪನಿಗೆ ನಿವೃತ್ತಿಯಾಗಿತ್ತು. ಹದಿನೈದು ದಿನ ಮತ್ತಿಕೆರೆಯಲ್ಲಿ ಮಗನ ಜೊತೆ, ಹದಿನೈದು ದಿನ ಹೆಬ್ಬಾಳದಲ್ಲಿ ಮಗಳ ಜೊತೆ. ಮುನಿರಾಜು ಎಲ್ಲಾದರೂ ಸಿಕ್ಕರೆ, "ಜಯ ಇನ್ನೊಂದು ವಾರ ಇಟ್ಕೊಂಡ್ರೆ ಏನ್ ಗಂಟು ಹೋಗುತ್ತೆ ಅಕ್ಕ?" ಅನ್ನುತ್ತಿದ್ದ. ಜಯಮ್ಮ ಸಿಕ್ಕರೆ, "ಅಣ್ಣ ಗಂಡು ಮಗ ಅಲ್ವಾ, ಆದ್ರೂ ಒಂದು ದಿನ ಮುಂಚೇನೇ ತಂದು ಬಿಟ್ಬಿಡ್ತಾನೆ" ಅನ್ನುತ್ತಿದ್ದಳು.

ಅವರು ತೀರಿಕೊಳ್ಳುವ ಹಿಂದಿನ ವರ್ಷ ಹೆಬ್ಬಾಳದಲ್ಲಿ ಕೊನೆಯ ಸಲ ನೋಡಿದೆ. ಮಧ್ಯಾಹ್ನದ ಹೊತ್ತು, ಜಗಲಿಯ ಮೇಲೆ ಕೂತಿದ್ದರು. ಮೈ ಇಳಿದಿತ್ತು, ಗತ್ತು ಇಳಿದಿರಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಟ್ಟು ಹೇಳುವ ಹಾಗೆ ಬಾಗಿದರು.

"ನೋಡವ್ವ, ಅಣ್ಣ-ತಂಗಿ ಇಬ್ರೂ ಜಗಳ ಆಡ್ತಾವ್ರೆ. ನಂಗೋಸ್ಕರ."

ಜಗಳ ಯಾತರದ್ದು ಎನ್ನುವುದು ನನಗೆ ಇಬ್ಬರ ಬಾಯಿಂದಲೂ ಗೊತ್ತಿತ್ತು. "ಹೌದು ದೊಡ್ಡಪ್ಪ" ಎಂದೆ.

ಒಳಗಿನಿಂದ ಜಯಮ್ಮ, "ಅಪ್ಪ, ಊಟಕ್ಕೆ ಬಾ" ಎಂದು ಕೂಗಿದಳು. "ಬಂದೇ" ಎಂದವರು ಅಲುಗಾಡಲಿಲ್ಲ. ನಮ್ಮವರ ಶಿಫ್ಟು, ನನ್ನ ಮಕ್ಕಳ ಓದು, ಒಂದೊಂದಾಗಿ ವಿಚಾರಿಸಿದರು. "ಅಪ್ಪ, ಮುದ್ದೆ ಆರೋಗುತ್ತೆ!" "ಬಂದೇ ಕಣವ್ವ." ಮತ್ತೆ ಕೂತಲ್ಲೇ. ಮೂರನೆಯ ಕೂಗಿಗೆ ತಿದ್ದಿದ ಮಾತು ಹೋಗಿ ಮತ್ತಿಕೆರೆ ಹೊರಗೆ ಬಂತು. "ಏಯ್ ಅಪ್ಪ, ಎಷ್ಟ್ ಸಲ ಕರೀಬೇಕು ನಿಂಗೆ? ಒಟ್ಟೆ ಅಸಿಯಲ್ವಾ?"

ಪಾಪ, ಮಂಡಿ ನೋವೇನೋ ಎಂದುಕೊಂಡು ನಾನು ಎದ್ದು ಅವರ ರಟ್ಟೆ ಹಿಡಿದೆ. ಅವರು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದರು.

"ತಾಳವ್ವ" ಎಂದರು, ಬಾಗಿಲ ಕಡೆ ಕಿವಿ ಕೊಟ್ಟು. "ಇನ್ನೊಂದ್ ಸಲ ಕರೀಲಿ."